ಚಟದ ಕೆಳಗಿನ ಗಾಯ



ಇಳಕಲ್ಲಿನ ಚಿತ್ತರಗಿ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು, ಕಾಣಿಕೆ ಬೀಳುವುದು ರೂಢಿ. ಪೂಜ್ಯರು ಬೇಡಿದುದಾದರೋ ದುಶ್ಚಟಗಳನ್ನು. ಆ 'ಮಹಾಂತ ಜೋಳಿಗೆ'ಗೆ ಕುಡಿತವನ್ನು ಒಪ್ಪಿಸಿ ಹೊಸ ಬಾಳು ಕಂಡ ಮನೆಗಳು ನಮ್ಮ ನಾಡಿನಲ್ಲಿ ಬಹಳ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತಿದೆ.

ಆದರೆ ಜೋಳಿಗೆಗೆ ಹಾಕಿದ ಚಟವನ್ನು ಕೆಲವರು ಕೆಲವೇ ತಿಂಗಳಲ್ಲಿ ಮರಳಿ ಹಿಡಿಯುವುದೂ ಉಂಟು. ಆಗ ಮನೆಯವರು, "ಗುರುವಿನ ಮುಂದೆ ಮಾತು ಕೊಟ್ಟು ತಪ್ಪಿದ, ಇವನಿಗೆ ದೇವರೂ ಇಲ್ಲ, ದಿಂಡರೂ ಇಲ್ಲ" ಎಂದು ಕೈಬಿಡುತ್ತಾರೆ. ನೊಂದವರ ಬಾಯಿಂದ ಬರುವ ಈ ಮಾತನ್ನು ಹಳಿಯಲಾಗದು. ಆದರೂ ಅದು ಪೂರ್ಣಸತ್ಯವಲ್ಲ. ಸಂಕಲ್ಪವು ಕೈಯನ್ನು ತಡೆಯುತ್ತದೆ. ಆ ಕೈಯನ್ನು ಸೀಸೆಯತ್ತ ನೂಕುವ ಹಳೆಯ ನೋವು ಒಳಗೆ ಹಾಗೆಯೇ ಉಳಿದಿದ್ದರೆ ಸಂಕಲ್ಪವೊಂದೇ ಎಷ್ಟು ದಿನ ಕಾವಲು ನಿಂತೀತು?

ಇದು ಬರಿಯ ಊಹೆಯಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮೊದಲಾದ ವೈದ್ಯರು ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ವಿಚಾರಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊಡೆತ, ಲೈಂಗಿಕ ಪೀಡನೆ, ತಾಯಿಯ ಮೇಲಿನ ದೌರ್ಜನ್ಯವನ್ನು ಕಾಣುವುದು, ಮನೆಯಲ್ಲಿ ಕುಡುಕರಿರುವುದು ಮುಂತಾದ ಏಳು ಬಗೆಯ ಸಂಕಟಗಳಲ್ಲಿ ನಾಲ್ಕನ್ನಾಗಲಿ ಅದಕ್ಕಿಂತ ಹೆಚ್ಚನ್ನಾಗಲಿ ಅನುಭವಿಸಿದವರಿಗೆ ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ ಇವುಗಳಲ್ಲಿ ಒಂದನ್ನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಅಧಿಕವಾಗಿತ್ತು. ಎಲ್ಲ ಕುಡಿತದ ಕೆಳಗೂ ಇಂಥ ಗಾಯವಿರುತ್ತದೆಂದು ಇದರ ಅರ್ಥವಲ್ಲ. ಗಾಯವಿದ್ದಲ್ಲಿ ಅದನ್ನು ನೋಡದೆ ಬಿಡಬಾರದೆಂಬುದೇ ಇದರ ತಾತ್ಪರ್ಯ.

ಒಬ್ಬ ಬಾಲಕನನ್ನು ಊಹಿಸಿಕೊಳ್ಳೋಣ. ಅವನ ಕಣ್ಣೆದುರಿಗೇ ತಮ್ಮನು ಬಾವಿಗೆ ಬಿದ್ದು ತೀರಿಕೊಂಡಿದ್ದಾನೆ. "ನೀನು ನೋಡಿಕೊಳ್ಳಲಿಲ್ಲ" ಎಂಬ ಹಿರಿಯರ ಮಾತೊಂದು ಕಿವಿಯಲ್ಲಿ ಉಳಿದಿದೆ. ಮೂವತ್ತು ವರ್ಷಗಳ ಮೇಲೂ ಬಾವಿಯ ರಾಟೆಯ ಸದ್ದು ಕೇಳಿದರೆ ಅವನ ಎದೆ ಬಿಗಿಯುತ್ತದೆ. ಸಾಮಾನ್ಯ ನೆನಪು ಕಾಲಕ್ರಮದಲ್ಲಿ ಮಾಸುತ್ತದೆ. ಆಘಾತದ ನೆನಪು ಮಾಸದೆ, ಈಗ ತಾನೇ ನಡೆಯಿತೆಂಬಂತೆ ಮೇಲೇಳುತ್ತದೆ. ಒಂದು ದಿನ ಮದ್ಯವು ಆ ಬಿಗಿತವನ್ನು ಗಳಿಗೆಯ ಮಟ್ಟಿಗೆ ಸಡಿಲಿಸಿತು. ಮೆದುಳು ಆ ಪಾಠವನ್ನು ಕಲಿತುಬಿಟ್ಟಿತು. ಅಂದಿನಿಂದ ನೋವು ಎದ್ದಾಗಲೆಲ್ಲ ಬಯಕೆಯೂ ಏಳುತ್ತದೆ.

ಇಂಥ ನೆನಪಿನ ಚಿಕಿತ್ಸೆಗಾಗಿ ರೂಢಿಗೆ ಬಂದ ವಿಧಾನಗಳಲ್ಲಿ ಕಣ್ಣಿನ ಚಲನೆಯ ಚಿಕಿತ್ಸೆಯೂ ಒಂದು. ಇದನ್ನು ಇ.ಎಂ.ಡಿ.ಆರ್. ಎಂದು ಕರೆಯುತ್ತಾರೆ. ಅಮೆರಿಕದ ಫ್ರಾನ್ಸೀನ್ ಶಪೀರೊ ಎಂಬ ಮಹಿಳೆ 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣುಗಳು ಅತ್ತಿತ್ತ ಚಲಿಸಿದಂತೆಲ್ಲ ತಮ್ಮನ್ನು ಕಾಡುತ್ತಿದ್ದ ಆಲೋಚನೆಗಳ ತೀವ್ರತೆ ಇಳಿಯುವುದನ್ನು ಗಮನಿಸಿದರು. ಅದನ್ನು ಪರೀಕ್ಷಿಸಿ 1989ರಲ್ಲಿ ಮೊದಲ ಅಧ್ಯಯನವನ್ನು ಪ್ರಕಟಿಸಿದರು. ಆಘಾತದಿಂದ ಉಂಟಾಗುವ ಮನೋವ್ಯಾಧಿಗೆ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಸೇರಿದೆ.

ಚಿಕಿತ್ಸೆಗೆ ಎಂಟು ಹಂತಗಳುಂಟು. ಮೊದಲ ಎರಡು ಹಂತಗಳಲ್ಲಿ ಕಣ್ಣಿನ ಚಲನೆಯೇ ಇಲ್ಲ. ಪೂರ್ವವೃತ್ತಾಂತವನ್ನು ತಿಳಿಯುವುದು, ಕಳವಳ ಎದ್ದಾಗ ಮನಸ್ಸನ್ನು ಶಾಂತಗೊಳಿಸಿಕೊಳ್ಳುವ ಬಗೆಯನ್ನು ಕಲಿಸುವುದು. ಆಮೇಲೆ ನೆನಪಿನ ಅತ್ಯಂತ ನೋವಿನ ದೃಶ್ಯ, ಅದರೊಡನೆ ಅಂಟಿರುವ 'ತಪ್ಪು ನನ್ನದೇ' ಎಂಬಂಥ ನಂಬಿಕೆ, ದೇಹದಲ್ಲಿನ ಬಿಗಿತ ಇವನ್ನು ಗುರುತಿಸಿ, ಸಂಕಟವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಲಾಗುತ್ತದೆ. ಆ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ರೋಗಿಯು ಚಿಕಿತ್ಸಕರ ಬೆರಳು ಎಡಬಲಕ್ಕೆ ಸರಿದಂತೆ ಕಣ್ಣನ್ನು ಸರಿಸುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸಿ, ಮನಸ್ಸಿಗೆ ಏನು ಬಂದಿತೆಂದು ಕೇಳಿ, ಮತ್ತೆ ಮುಂದುವರಿಸುತ್ತಾರೆ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸ್ವಲ್ಪವೇ; ಬೆರಳನ್ನೂ ಅನುಸರಿಸಬೇಕಾದಾಗ ದೃಶ್ಯದ ಹಿಡಿತ ಸಡಿಲುತ್ತದೆಂಬುದು ವಿದ್ವಾಂಸರು ಕೊಡುವ ಒಂದು ವಿವರಣೆ. ಘಟನೆಯು ಮರೆತುಹೋಗುವುದಿಲ್ಲ. ತಮ್ಮನ ನೆನಪು ಇರುತ್ತದೆ, ದುಃಖವೂ ಇರುತ್ತದೆ. 'ನಾನೂ ಆಗ ಮಗುವಾಗಿದ್ದೆ' ಎಂಬ ಅರಿವು ಅದರ ಜೊತೆಗೆ ಬಂದು ಕೂಡುತ್ತದೆ.

ಕಣ್ಣಿನ ಮಾತು ಬಂದೊಡನೆ ನಮ್ಮ ವಾಚಕರಿಗೆ ಲಿಂಗನಿರೀಕ್ಷಣೆಯ ನೆನಪಾಗುವುದು ಸಹಜ. ಇವೆರಡನ್ನು ಬೆರೆಸುವುದು ಸಲ್ಲದು. ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವುದು ಸಾಧನೆ. ಅದರ ಗುರಿ ಸಾಮರಸ್ಯ. ಇದು ಚಿಕಿತ್ಸೆ, ಇದರಲ್ಲಿ ದೃಷ್ಟಿ ಚಲಿಸುತ್ತದೆ, ಗುರಿ ಗಾಯ ಮಾಯುವುದು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಒಂದಕ್ಕೊಂದು ಅಡ್ಡಿಯೂ ಅಲ್ಲ. ಕಾಲು ಮುರಿದವನು ಪೂಜೆಯನ್ನೂ ಬಿಡುವುದಿಲ್ಲ, ವೈದ್ಯರನ್ನೂ ಬಿಡುವುದಿಲ್ಲ.

ಇನ್ನು ಈ ಚಿಕಿತ್ಸೆಯು ಚಟವನ್ನೇ ಬಿಡಿಸುವುದೇ? ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಕುಡಿತದ ಬಯಕೆಗೆ ಅಂಟಿದ ನೆನಪುಗಳ ಮೇಲೆಯೇ ಇದನ್ನು ಪ್ರಯೋಗಿಸಿದವರೂ ಉಂಟು. ಜರ್ಮನಿಯಲ್ಲಿ 34 ಜನ ಮದ್ಯವ್ಯಸನಿಗಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಯಕೆಯು ತಗ್ಗಿದುದು ಕಂಡುಬಂದಿತು. ನೆದರ್‌ಲೆಂಡ್ಸಿನಲ್ಲಿ 109 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಡಿಕೆಯ ಚಿಕಿತ್ಸೆಗೆ ಇದನ್ನು ಕೂಡಿಸಿದುದರಿಂದ ಹೆಚ್ಚಿನ ಲಾಭ ದೊರೆಯಲಿಲ್ಲ. ಆದುದರಿಂದ ಇದನ್ನು ಚಟಕ್ಕೆ ರಾಮಬಾಣವೆಂದು ಯಾರಾದರೂ ಮಾರಲು ಬಂದರೆ ನಂಬಬಾರದು. ಆಘಾತದ ಗಾಯವಿರುವವನಿಗೆ, ವ್ಯಸನ ಚಿಕಿತ್ಸೆಯ ಜೊತೆಜೊತೆಗೆ, ಆ ಗಾಯಕ್ಕೆ ಕೊಡುವ ಮದ್ದೆಂದು ತಿಳಿಯುವುದೇ ಸರಿ.

ಇದಕ್ಕೊಂದು ಕ್ರಮವಿದೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಾಪಾಯವಾಗುವುದುಂಟು. ಆದುದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ. ಮೊದಲು ವೈದ್ಯರ ಆರೈಕೆಯಲ್ಲಿ ದೇಹ ತಿಳಿಯಾಗಬೇಕು. ಬಳಿಕ ಮನಸ್ಸಿಗೆ ಸ್ಥಿರತೆ ಬರಬೇಕು. ಅನಂತರವೇ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯರು ಹಳೆಯ ನೆನಪನ್ನು ಮುಟ್ಟಬೇಕು. ಪುಸ್ತಕವನ್ನೋದಿ ಮನೆಯವರು ಬೆರಳಾಡಿಸಿ ನೋಡುವ ವಿದ್ಯೆ ಇದಲ್ಲ. ನೆನಪನ್ನು ಕೆದಕಿದ ದಿನಗಳಲ್ಲಿ ಕೆಟ್ಟ ಕನಸು, ಕಳವಳ, ಕುಡಿಯುವ ಬಯಕೆ ಹೆಚ್ಚಬಹುದು. ಆ ಹೊತ್ತಿನಲ್ಲಿ ಮನೆಯಲ್ಲಿ ಒಂದು ಮೆಲುದನಿ, ಹೊತ್ತಿಗೆ ಸರಿಯಾದ ಊಟ, ಕಾಯಕಕ್ಕೆ ಜೊತೆ, ಇವು ದೊರೆತರೆ ಅದೇ ದೊಡ್ಡ ದಾಸೋಹ.

ಕುಡುಕನ ಮನೆಯ ಹೆಂಡತಿ ಮಕ್ಕಳ ಮಾತನ್ನೂ ಆಡಲೇಬೇಕು. ರಾತ್ರಿ ಬಾಗಿಲು ಬಡಿವ ಸದ್ದಿಗೆ ಬೆಚ್ಚಿಬೀಳುವ ಮಗುವಿನಲ್ಲಿ ಮುಂದಿನ ತಲೆಮಾರಿನ ಗಾಯವು ಇಂದೇ ಆಗುತ್ತಿದೆ. ಗಂಡನಿಗೆ ಗಾಯವಿದೆಯೆಂದು ತಿಳಿದ ಮಾತ್ರಕ್ಕೆ ಅವನ ಹೊಡೆತವನ್ನು ಹೆಂಡತಿ ಸಹಿಸಬೇಕೆಂದಲ್ಲ. ಅವಳ ಮತ್ತು ಮಕ್ಕಳ ರಕ್ಷಣೆ ಮೊದಲು. ಅವರ ನೋವಿಗೂ ಚಿಕಿತ್ಸೆ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ವ್ಯಸನದ ಬಗ್ಗೆ 14446, ಮನಸ್ಸಿನ ತೊಂದರೆಯ ಬಗ್ಗೆ 14416 ಈ ದೂರವಾಣಿಗಳಲ್ಲಿ ಉಚಿತ ಸಲಹೆ ದೊರೆಯುತ್ತದೆ. ಇ.ಎಂ.ಡಿ.ಆರ್. ಬಲ್ಲವರು ಎಲ್ಲ ಊರುಗಳಲ್ಲಿಯೂ ಸಿಗಲಾರರು. ಆಘಾತಕ್ಕೆ ಬೇರೆ ಮಾತಿನ ಚಿಕಿತ್ಸೆಗಳೂ ಇವೆ, ಮನೋವೈದ್ಯರು ದಾರಿ ತೋರಿಸುತ್ತಾರೆ.

ಜೋಳಿಗೆ ಹಿಡಿದು ಹೊರಡುವ ಮಠಗಳಲ್ಲಿ, ಬಳಗಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಚಟವನ್ನು ಸ್ವೀಕರಿಸಿದ ದಿನವೇ ಆ ಶರಣನ ಕೈಗೆ ಸಮೀಪದ ಮನೋವೈದ್ಯರ ವಿಳಾಸವನ್ನೂ ಕೊಡಿರಿ. ತಿಂಗಳಿಗೊಮ್ಮೆ ಅವನ ಮನೆಗೆ ಹೋಗಿ ಕುಶಲ ವಿಚಾರಿಸಿರಿ. ಅವನು ಎಡವಿದರೆ ಜೋಳಿಗೆಯನ್ನು ಮತ್ತೊಮ್ಮೆ ಬಿಚ್ಚಿರಿ.