ರಸ್ತೆಯ ಗುಂಡಿಗೆ ಹೊಣೆ ಯಾರು?

ಅಕ್ಕಲಕೋಟ, ಜತ್ತ ತಾಲೂಕುಗಳ ಹಳ್ಳಿಗಳಿಂದ ಕನ್ನಡ ಶಾಲೆಗೆ ಸೈಕಲ್ ತುಳಿಯುವ ಮಕ್ಕಳಿಗೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ತಿಳಿಯುವುದಿಲ್ಲ. ಮಗು ಬಿದ್ದಾಗ ಪಾಲಕರು ಹಣೆಬರಹವನ್ನು ಹಳಿಯುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಪ್ರತಿಯೊಂದು ರಸ್ತೆಗೂ ಹೊಣೆಗಾರರಿದ್ದಾರೆ. ಮಹಾರಾಷ್ಟ್ರದಲ್ಲಿ ರಾಜ್ಯ ಹೆದ್ದಾರಿ, ಪ್ರಮುಖ ಜಿಲ್ಲಾ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ಗ್ರಾಮ ರಸ್ತೆಗಳು ಜಿಲ್ಲಾ ಪರಿಷತ್ತಿಗೆ, ಪಟ್ಟಣದೊಳಗಿನವು ನಗರ ಪರಿಷತ್ತಿಗೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯನ್ನು ನಿರ್ಮಿಸಿದ ಗುತ್ತಿಗೆದಾರನೇ 5 ವರ್ಷ ಅದನ್ನು ನಿರ್ವಹಿಸಬೇಕು. ಗುಂಡಿಯಿಂದ ಮೃತಪಟ್ಟವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷದವರೆಗೆ ಪರಿಹಾರ ನೀಡಬೇಕೆಂದೂ, ಆ ಹಣವನ್ನು ತಪ್ಪಿತಸ್ಥ ಅಧಿಕಾರಿ, ಗುತ್ತಿಗೆದಾರರಿಂದ ವಸೂಲು ಮಾಡಬೇಕೆಂದೂ 2025ರ ಅಕ್ಟೋಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು.

ಆದರೆ ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ. ಮರಾಠಿಯಲ್ಲಿ ಬರೆಯಲು ಬಾರದೆಂದು ಹಿಂಜರಿಯಬೇಕಾಗಿಯೂ ಇಲ್ಲ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ಸ್ಥಳ, ದಿನಾಂಕ, ಛಾಯಾಚಿತ್ರಗಳೊಡನೆ ಅದನ್ನು ಕಚೇರಿಗೆ ಕೊಟ್ಟು, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಪಡೆಯಬೇಕು. ಆ ಮುದ್ರೆ ಬಿದ್ದ ಮೇಲೆ, ಗುಂಡಿಯ ವಿಷಯ ತಿಳಿದಿರಲಿಲ್ಲವೆಂದು ಯಾವ ಅಧಿಕಾರಿಯೂ ಹೇಳಲಾರ.