ಸುಣ್ಣದ ಗುಳಿಗೆಯೊಂದೇ ಸಾಕೆ?

ಸುರಪುರದಲ್ಲಿರುವ ನಮ್ಮ ವೈನಿ ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಕೈಯೂರಿದರು; ಮಣಿಕಟ್ಟು ಮುರಿಯಿತು. ಕಟ್ಟು ಹಾಕಿದ ವೈದ್ಯರು ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟು, “ವಯಸ್ಸಾಯಿತಲ್ಲಮ್ಮ” ಎಂದರಂತೆ. ವೈನಿಗೆ 42 ವರ್ಷ. ಅಷ್ಟಕ್ಕೇ ವಯಸ್ಸಾಗುವುದಾದರೆ ನನ್ನಂಥ ಅಧ್ಯಾಪಕರು ಎಂದೋ ನಿವೃತ್ತರಾಗಬೇಕಿತ್ತು! 7 ವರ್ಷದ ಹಿಂದೆ ಅವರ ಗರ್ಭಚೀಲ ತೆಗೆದಿದ್ದರು. ಅದನ್ನು ವೈದ್ಯರು ಕೇಳಲಿಲ್ಲ, ಇವರು ಹೇಳಲಿಲ್ಲ. ಚೀಲಕ್ಕೂ ಕೈಮೂಳೆಗೂ ಏನು ಸಂಬಂಧವೆಂದು ಯಾರಿಗೆ ಹೊಳೆದೀತು?

ಸಂಬಂಧವಿದೆ. ಮೂಳೆಯೇನು ಕಲ್ಲುಗೋಡೆಯಲ್ಲ, ಒಂದು ಬಗೆಯ ಜೀವಕೋಶಗಳು ಅದನ್ನು ಸವೆಸುತ್ತಿರುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಸವೆಸುವವುಗಳಿಗೆ ಮೂಗುದಾರ ಹಾಕಿ ಹಿಡಿಯುವುದು ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ಸಂಗತಿಯನ್ನು ಅಮೆರಿಕದ ಫುಲ್ಲರ್ ಆಲ್ಬ್ರೈಟ್ 1941ರಷ್ಟು ಹಿಂದೆಯೇ ಬರೆದಿಟ್ಟರು. ಅಕಾಲದಲ್ಲಿ ಎರಡೂ ಅಂಡಾಶಯಗಳನ್ನು ತೆಗೆದರಂತೂ ಮೂಗುದಾರ ಒಮ್ಮೆಗೇ ಹರಿಯುತ್ತದೆ. ಚೀಲವನ್ನಷ್ಟೇ ತೆಗೆದು ಅವನ್ನು ಉಳಿಸಿದರೂ ಕೆಲವರಲ್ಲಿ ಅವು ಬೇಗನೆ ಸೋಲುವುದುಂಟು. ಥೈರಾಯ್ಡ್, ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ದುಡಿದರೂ, ಕೀಲುನೋವಿಗೆಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದರೂ ಮೂಳೆ ಟೊಳ್ಳಾಗುತ್ತದೆ. ಒಂದೊಂದಕ್ಕೂ ಉಪಾಯ ಬೇರೆ. ಕಾರಣ ಹುಡುಕದೆ ಎಲ್ಲಕ್ಕೂ ಸುಣ್ಣದ ಗುಳಿಗೆಯೊಂದನ್ನೇ ಕೊಡುವುದೆಂದರೆ ಮಾಳಿಗೆ ಸೋರುತ್ತಿರುವಾಗ ನೆಲ ಒರೆಸಿದಂತೆ.

ನಮ್ಮ ಭಾಗಕ್ಕೆ ಇದು ನೆರೆಮನೆಯ ಸುದ್ದಿಯಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರ ಗರ್ಭಚೀಲವನ್ನೇ ತೆಗೆದರೆಂದು ಕಲಬುರಗಿಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ದೂರಿದ್ದು 2015ರಲ್ಲಿ. 2009ರ ತನಕ ಯಾದಗಿರಿ, ಶಹಾಪುರ, ಸುರಪುರಗಳೂ ಅದೇ ಜಿಲ್ಲೆಯವು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರ ಸರಕಾರ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆದರೆ ಈಗಾಗಲೇ ತೆಗೆಸಿಕೊಂಡು, ನಡು ಹಿಡಿದುಕೊಂಡೇ ಹತ್ತಿ ಬಿಡಿಸುತ್ತಿರುವವರ ಮೂಳೆಯ ಗತಿಯೇನು?

ವೈನಿಯ ಟ್ರಂಕಿನ ತಳದಲ್ಲಿ ಆಸ್ಪತ್ರೆಯವರು ಕೊಟ್ಟ ಹಳೆಯ ಚೀಟಿ ಸಿಕ್ಕಿತು. ಎಲ್ಲ ಇಂಗ್ಲಿಷು. ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದು ಅದರಲ್ಲಿ ಒಂದು ಸಾಲಿತ್ತು. ಓದಿ ಹೇಳಿದೆ. “ಚೀಲ ಅಷ್ಟೇ ಅಂದಿದ್ರಲ್ಲೋ ತಮ್ಮಾ” ಎಂದರು, ಮತ್ತೆ ಮಾತಾಡಲಿಲ್ಲ. ಅಂಡಾಶಯ ಅಕಾಲದಲ್ಲಿ ಹೋದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಆ ಹಾರ್ಮೋನನ್ನು ಔಷಧಿಯಾಗಿ ಕೊಡುವ ಕ್ರಮವಿದೆ. ಆ ಪ್ರಶ್ನೆಯನ್ನು ಎತ್ತುವವರೇ ಇಲ್ಲದೆ 7 ವರ್ಷ ಕಳೆದುಹೋದವು.

ಕನ್ನಡದಲ್ಲಿ ಬರೆಯಲು ಪರಿಭಾಷೆಯಿಲ್ಲ ಎನ್ನುವವರು ಈಗಲೂ ಇದ್ದಾರೆ. ಅಂಡಾಶಯವೆಂಬ ಮಾತನ್ನು ನಮ್ಮ ಹೈಸ್ಕೂಲಿನ ಹುಡುಗಿಯರು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ವೈದ್ಯಮಹಾಶಯರಿಗೆ ಮಾತ್ರ ಅದು ಕಷ್ಟವೆ? ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬೆರಡು ಸಾಲನ್ನು ಕನ್ನಡದಲ್ಲಿ ಬರೆದು ಹೆಣ್ಣುಮಗಳ ಕೈಗೆ ಕೊಡುವ ಪದ್ಧತಿ ಅಲ್ಲಿಂದಲೇ ಆರಂಭವಾಗಲಿ. ನಡುಬ್ಯಾನಿ ಎಂದು ಬಂದವಳಿಗೆ ಗುಳಿಗೆ ಬರೆಯುವ ಮೊದಲು, “ಮುಟ್ಟು ಯಾವಾಗ ನಿಂತಿತವ್ವಾ, ಹೇಗೆ ನಿಂತಿತು?” ಎಂದು ಕೇಳಲಿ.