ಮಾಂಟೆನೆಗ್ರೊ ಅಳತೆಯಲ್ಲಿ ನಮ್ಮ ನಾಲ್ಕು ತಾಲ್ಲೂಕು

ಈಗ ಆಫೀಸಿನಲ್ಲಿ ರಜೆಯ ಮಾತು ಬಂದರೆ ಬಾಲ್ಕನ್ ದೇಶಗಳ ಹೆಸರು ಕೇಳಿಬರುತ್ತೆ. ಕ್ರೊಯೇಷಿಯಾ, ಅಲ್ಬೇನಿಯಾ, ಮಾಂಟೆನೆಗ್ರೊ. ಯಾವುದನ್ನು ಹುಡುಕಿದರೂ ಫೋನಿನಲ್ಲಿ ಬರೋದು ಒಂದೇ ಅಚ್ಚು: ಇತಿಹಾಸ, ಹವಾಮಾನ, ಮುಖ್ಯ ನಗರಗಳು. ಈ ಸಲ ಅದೇ ಅಚ್ಚಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಹಾಕಿ ನೋಡೋಣ ಅನ್ನಿಸಿತು. ಅಳತೆಗೋಲಿಗೆ ಮಾಂಟೆನೆಗ್ರೊ ಇರಲಿ.

ಮೊದಲು ಆ ದೇಶದ ಬಗ್ಗೆ ಎರಡು ಮಾತು. ವಿಸ್ತೀರ್ಣ ಸುಮಾರು 13,800 ಚದರ ಕಿ.ಮೀ., ಜನ ಆರು ಲಕ್ಷ ಚಿಲ್ಲರೆ. ನಮ್ಮ ಮಂಡ್ಯ ಜಿಲ್ಲೆ ಅದರ ಮೂರನೇ ಒಂದು ಪಾಲು, ಆದರೆ ಜನ ಮೂರರಷ್ಟು, 2011ರ ಲೆಕ್ಕದಲ್ಲೇ 18 ಲಕ್ಷ. ಸುತ್ತಲೂ ಒಟ್ಟೊಮನ್ ತುರ್ಕರ ಸಾಮ್ರಾಜ್ಯ ಇದ್ದಾಗ ಈ ಗುಡ್ಡಗಾಡಿನಲ್ಲಿ ಮಠಾಧಿಪತಿಗಳೇ ರಾಜರಾಗಿದ್ದರು. ಬಿಷಪ್ಪರಿಗೆ ಮದುವೆ ಇಲ್ಲ, ಹಾಗಾಗಿ ಗದ್ದುಗೆ ಚಿಕ್ಕಪ್ಪನಿಂದ ಅಣ್ಣನ ಮಗನಿಗೆ. 1697ರಿಂದ 1851ರವರೆಗೆ ಹೀಗೇ ನಡೆಯಿತು. 1918ರಲ್ಲಿ ಸೆರ್ಬಿಯಾದೊಳಗೆ ಸೇರಿತು, ಆಮೇಲೆ ಯುಗೊಸ್ಲಾವಿಯಾ. 2006ರ ಮೇ 21ರಂದು ಸ್ವತಂತ್ರ ಆಗಬೇಕಾ ಬೇಡವಾ ಅಂತ ಜನಮತ ತಗೊಂಡರು. ಗೆಲ್ಲೋದಕ್ಕೆ ಶೇ. 55 ಬೇಕಿತ್ತು, ಬಿದ್ದಿದ್ದು 55.5. ಅಷ್ಟು ಕೂದಲೆಳೆಯಲ್ಲಿ ಒಂದು ದೇಶ ಹುಟ್ಟಿತು.

ಈಗ ನಮ್ಮ ಕಡೆಗೆ ಬನ್ನಿ. ಅವರ ಹಳೆಯ ರಾಜಧಾನಿ ಸೆಟಿನ್ಯೆ, ಈಗಿನದು ಪೊಡ್ಗೊರಿಟ್ಸ. ನಮ್ಮ ಹಳೆಯ ರಾಜಧಾನಿ ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ಪಡೆದರು. ಅಲ್ಲಿಂದ 1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಸಾಯುವವರೆಗೆ, 189 ವರ್ಷ, ಮೈಸೂರು ರಾಜ್ಯ ನಡೆದಿದ್ದು ಕಾವೇರಿ ಎರಡಾಗಿ ಕವಲೊಡೆದ ಈ ದ್ವೀಪದಿಂದ. ಈಗ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಹೋಗುವವರಿಗೆ ಅದು ಪಕ್ಕಕ್ಕೆ ಉಳಿದುಬಿಡುವ ಒಂದು ಬೋರ್ಡು.

ರಾಜಧಾನಿ ಮೈಸೂರಿಗೆ ಹೋಯಿತು, ಬ್ರಿಟಿಷ್ ಪಡೆ ಮಾತ್ರ ಪಟ್ಟಣದಲ್ಲೇ ಉಳಿಯಿತು. ಸುತ್ತ ನದಿ, ಗದ್ದೆ, ನಿಂತ ನೀರು. ಸೊಳ್ಳೆ ಕಾಟ, ಚಳಿಜ್ವರ ತಡೆಯಲಾಗದೆ 1809ರಲ್ಲಿ ದಂಡು ಬೆಂಗಳೂರಿಗೆ ಎದ್ದುಹೋಯಿತು. ನೀವು ಇವತ್ತು ಎಂ.ಜಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಓಡಾಡ್ತೀರಲ್ಲ, ಆ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ. ಬೆಂಗಳೂರಿನ ಇತಿಹಾಸದಲ್ಲಿ ಪಟ್ಟಣದ ಸೊಳ್ಳೆಗೂ ಒಂದು ಸಾಲು ಸಲ್ಲಬೇಕು.

ಊರ ಹೆಸರು ಬದಲಾಯಿಸುವ ಖಯಾಲಿ ಎರಡೂ ಕಡೆ ಇದೆ. ಪೊಡ್ಗೊರಿಟ್ಸವನ್ನು 1946ರಲ್ಲಿ ಟಿಟೊಗ್ರಾಡ್ ಮಾಡಿದರು, 1992ರಲ್ಲಿ ಮತ್ತೆ ಹಳೆಯ ಹೆಸರು. ನಮ್ಮ ಪಾಂಡವಪುರ ಮೊದಲು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದಕ್ಕೆ ಫ್ರೆಂಚ್ ರಾಕ್ಸ್ ಆಯಿತು. ಆಮೇಲೆ ಪಕ್ಕದ ಕುಂತಿಬೆಟ್ಟಕ್ಕೆ ಹೊಂದುವಂತೆ ಪಾಂಡವರು ಬಂದರು. ಕೆ.ಆರ್.ಪೇಟೆ ಅಂದರೆ ಅತ್ತಿಕುಪ್ಪೆ. ಆ ಹೆಸರು ಈಗ ಅಜ್ಜಂದಿರ ಬಾಯಲ್ಲಿ ಮಾತ್ರ. ನನಗಂತೂ ಅತ್ತಿಕುಪ್ಪೆಯೇ ಇಷ್ಟ, ಅದರಲ್ಲಿ ಮರದ ವಾಸನೆ ಇದೆ.

ಹವಾಮಾನ. ಮಾಂಟೆನೆಗ್ರೊದಲ್ಲಿ ತ್ಸ್ರ್ಕ್‌ವಿತ್ಸೆ ಅಂತ ಒಂದು ಹಳ್ಳಿ, ವರ್ಷಕ್ಕೆ ಸರಾಸರಿ ಸುಮಾರು 4,600 ಮಿ.ಮೀ. ಮಳೆ. ಯುರೋಪಿನ ಆಗುಂಬೆ ಅನ್ನಿ. ನಮ್ಮ ಸೀಮೆಯಲ್ಲಿ ಬೀಳೋದು 700 ಮಿ.ಮೀ. ಆಸುಪಾಸು. ಪಶ್ಚಿಮ ಘಟ್ಟ ಮುಂಗಾರಿನ ಮೋಡ ಹಿಂಡಿಕೊಂಡ ಮೇಲೆ ಮಿಕ್ಕಿದ್ದು ನಮಗೆ. ಮೇ ತಿಂಗಳಲ್ಲಿ ಒಂದಷ್ಟು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನಷ್ಟು. ಮತ್ತೆ ಕಬ್ಬು, ಭತ್ತ ಬೆಳೆಯೋದು ಹೇಗೆ? ಕೊಡಗಲ್ಲಿ, ಹಾಸನದ ಮೇಲೆ ಸುರಿದ ಮಳೆಯಿಂದ. ಅದಕ್ಕೇ ಇಲ್ಲಿನ ರೈತ ತನ್ನ ಆಕಾಶಕ್ಕಿಂತ ಹೆಚ್ಚಾಗಿ ಟಿವಿಯ ಕೆಳಗೆ ಓಡುವ ಸಾಲು ನೋಡ್ತಾನೆ: ಕಟ್ಟೆ ಎಷ್ಟಾಯ್ತು? 124.80 ಅಡಿ ಅನ್ನುವ ಸಂಖ್ಯೆ ಈ ಕಡೆಯ ಮಕ್ಕಳಿಗೂ ಬಾಯಿಪಾಠ.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಹಳೆಯ ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ಗುಡಿ ನೀರಿನ ಕೆಳಗೆ ಹೋದವು. ಎಷ್ಟೋ ದಶಕ, ಬರಗಾಲ ಬಂದು ನೀರು ಇಳಿದಾಗ ಗುಡಿಯ ಕಲ್ಲು ಮೇಲೆ ಕಾಣುತ್ತಿತ್ತು. ಈಗ ಅದನ್ನು ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಫೋಟೊ ತೆಗೆಯೋಕೆ ಹೋಗುವವರು ತುಂಬಾ. ಅದು ಮುಳುಗಿದ ಊರಿನ ದೇವರು ಅಂತ ನೆನೆಸಿಕೊಳ್ಳುವವರು ಕಮ್ಮಿ.

ಈ ಸೀಮೆಯನ್ನು ಅರ್ಥ ಮಾಡಿಕೊಳ್ಳೋಕೆ ತಾಲ್ಲೂಕು ಗಡಿ ನೋಡಬೇಡಿ, ನಾಲೆ ನೋಡಿ. ಪಟ್ಟಣದ ಸುತ್ತ ಕಟ್ಟೆ ಬರುವುದಕ್ಕೂ ಮುಂಚಿನ ನಾಲೆಗಳಿವೆ, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇವತ್ತಿಗೂ ಗದ್ದೆಗೆ ನೀರು ಕೊಡುತ್ತೆ. ಪಾಂಡವಪುರದ ಒಂದು ಭಾಗಕ್ಕೆ ವಿಶ್ವೇಶ್ವರಯ್ಯ ನಾಲೆ. ಕೆ.ಆರ್.ಪೇಟೆಗೆ ಹೇಮಾವತಿ. ಉತ್ತರಕ್ಕೆ ನಾಗಮಂಗಲಕ್ಕೆ ಬಂದರೆ ಬಣ್ಣವೇ ಬದಲಾಗುತ್ತೆ: ರಾಗಿ, ಹುರುಳಿ, ತೆಂಗು, ಆಳಕ್ಕಿಳಿದ ಬೋರ್‌ವೆಲ್. ಹೇಮಾವತಿ ನಾಲೆ ಅಲ್ಲಿಗೂ ಹೋಗಿದೆ, ಆದರೆ ಅಲ್ಲಿ ಕಾಯುವ ಅಭ್ಯಾಸ ನೀರಿಗಿಂತ ಹಳೆಯದು. ಬೆಂಗಳೂರಿಗೆ ಹೋಟೆಲು, ಆಟೊ, ಸೆಕ್ಯೂರಿಟಿ ಕೆಲಸಕ್ಕೆ ಬಂದವರನ್ನು ಯಾವೂರು ಅಂತ ಕೇಳಿ ನೋಡಿ. ನಾಲೆ ಎಲ್ಲಿ ಮುಗಿಯುತ್ತೆ ಅನ್ನೋ ನಕ್ಷೆ ಅವರ ಉತ್ತರದಲ್ಲೇ ಸಿಗುತ್ತೆ.

ಮುಖ್ಯ ಊರುಗಳ ವಿಷಯ ಬೇಗ ಹೇಳಿಬಿಡ್ತೀನಿ. ಪಟ್ಟಣ ಬಿಟ್ಟರೆ ಹೆಸರಾದದ್ದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ರಾಮಾನುಜಾಚಾರ್ಯರು ನೆಲೆ ನಿಂತ ಬೆಟ್ಟ, ಪು.ತಿ.ನ. ಹುಟ್ಟಿದೂರು, 1948ರಲ್ಲಿ ಜಯಲಲಿತಾ ಹುಟ್ಟಿದ್ದೂ ಇಲ್ಲೇ. ಕಾವೇರಿ ಜಗಳದಲ್ಲಿ ಎದುರು ನಿಂತ ಮುಖ್ಯಮಂತ್ರಿ ನಮ್ಮ ತಾಲ್ಲೂಕಿನ ಮಗಳು! ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿ ಅವರನ್ನು ಕೊಟ್ಟಿತು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾವ್ ಅವರನ್ನು, ಬೂಕನಕೆರೆ ಯಡಿಯೂರಪ್ಪನವರನ್ನು. ಪೇಟೆಯಿಂದ ಕೂಗಳತೆಯಲ್ಲಿರುವ ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿ ಬೇಲೂರಿಗೆ ಯಾವುದರಲ್ಲೂ ಕಮ್ಮಿ ಇಲ್ಲ, ಟೂರಿಸ್ಟ್ ಬಸ್ಸು ಮಾತ್ರ ಬರಲ್ಲ. ನಾಗಮಂಗಲದಲ್ಲಿ ಸೌಮ್ಯಕೇಶವ, ಹಿತ್ತಾಳೆ–ಕಂಚಿನ ಕೆಲಸದ ಹಳೆಯ ಹೆಸರು, ಆದಿಚುಂಚನಗಿರಿ ಮಠ, ಕಂಬದಹಳ್ಳಿಯ ಜೈನ ಬಸದಿ.

ಬಾಲ್ಕನ್ ಅಂದ ಕೂಡಲೇ ಜಗತ್ತಿಗೆ ನೆನಪಾಗೋದು ಹಳೆಯ ಗಾಯ ಕೆದಕಿ ಮಾಡಿದ ಯುದ್ಧಗಳು. ನಮ್ಮಲ್ಲೂ ಒಂದು ಗಾಯ ಇದೆ. ಮಂಡ್ಯಂ ಅಯ್ಯಂಗಾರರ ಕೆಲವು ಮನೆಗಳಲ್ಲಿ ನರಕ ಚತುರ್ದಶಿ ಮಾಡೋದಿಲ್ಲ, ಟಿಪ್ಪು ಕಾಲದಲ್ಲಿ ಪೂರ್ವಿಕರು ಹತರಾದ ದಿನ ಅಂತ ನೆನೆಯುತ್ತಾರೆ. ಅದೇ ಮೇಲುಕೋಟೆಯ ದೇವಸ್ಥಾನಕ್ಕೆ ಟಿಪ್ಪು ಕೊಟ್ಟ ಬೆಳ್ಳಿ–ಚಿನ್ನದ ಪಾತ್ರೆಗಳೂ ದಾಖಲಾಗಿವೆ. ಎರಡನ್ನೂ ಒಟ್ಟಿಗೆ ಹೇಳೋಕೆ ತಾಳ್ಮೆ ಬೇಕು, ವಾಟ್ಸಾಪಿಗೆ ಅದು ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟವು. ಬೆಂಕಿಗೆ ಬಿದ್ದದ್ದು ದುಡಿಮೆಯ ಬಂಡವಾಳ.

ಇನ್ನೊಂದು ಹೋಲಿಕೆ ಹುಡುಕಿ ಹೋದದ್ದಲ್ಲ, ತಾನಾಗಿ ಸಿಕ್ಕಿತು. ಯುರೋಪಿನಲ್ಲಿ ಹೆಣ್ಣು ಭ್ರೂಣ ಅಂತ ಗೊತ್ತಾದರೆ ತೆಗೆಸುವ ದೇಶ ಇದೆಯಾ? ಇದೆ, ಮಾಂಟೆನೆಗ್ರೊದಲ್ಲಿ ಆ ಸಮಸ್ಯೆ ಇದೆ. 2017ರಲ್ಲಿ ಅಲ್ಲಿನ ಮಹಿಳಾ ಸಂಘಟನೆಯೊಂದು ‘ಬೇಡವಾದವಳು’ ಅನ್ನುವ ಅರ್ಥದ ಹೆಸರಿಟ್ಟು ಇದರ ವಿರುದ್ಧ ಪ್ರಚಾರ ಮಾಡಿತು. ಮನೆತನಕ್ಕೆ ಗಂಡು ಬೇಕು, ಆಸ್ತಿ ಗಂಡಿಗೆ ಹೋಗಬೇಕು ಅನ್ನುವ ಅದೇ ಮಾತು, ಬೇರೆ ಭಾಷೆಯಲ್ಲಿ. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವ ರೈತರು ಮದುವೆಗೆ ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಇಡೀ ರಾಜ್ಯ ನಕ್ಕಿತು, ಮೀಮ್ ಮಾಡಿತು. ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. 2024ರಲ್ಲಿ ಪಾಂಡವಪುರದಲ್ಲಿ ಮತ್ತೊಂದು. ಬೆಲ್ಲ ಕಾಯಿಸುವ ಜಾಗದಲ್ಲಿ! ಹುಡುಗಿಯರು ಸಾಫ್ಟ್‌ವೇರ್ ಹುಡುಗರನ್ನೇ ಕೇಳ್ತಾರೆ, ರೈತನನ್ನು ಒಪ್ಪಲ್ಲ ಅನ್ನೋದು ಅರ್ಧ ಕತೆ. ಆ ಹುಡುಗರ ಜತೆ ಹುಟ್ಟಬೇಕಿದ್ದ ಹುಡುಗಿಯರಲ್ಲಿ ಕೆಲವರು ಹುಟ್ಟಲೇ ಇಲ್ಲ ಅನ್ನೋದು ಉಳಿದರ್ಧ. ಪಾದಯಾತ್ರೆಯ ಸುದ್ದಿ ಫಾರ್ವರ್ಡ್ ಮಾಡಿದಷ್ಟು ಜನ ಆಲೆಮನೆಯ ಸುದ್ದಿ ಮಾಡಲಿಲ್ಲ ಅಂತ ನನ್ನ ಅನುಮಾನ. ಊರಿನ ಗ್ರೂಪಿನಲ್ಲಿರುವ ನಮ್ಮಂಥವರು ಈ ಮಾತು ಎತ್ತಿದರೆ ಮುಜುಗರ ಆಗೋದು ನಿಜ. ಎತ್ತಬೇಕಾದವರೂ ನಾವೇ, ಯಾಕಂದರೆ ಆ ಗ್ರೂಪಿನಲ್ಲಿರುವ ಹೆರಿಗೆ, ಸೀಮಂತದ ಫೋಟೊಗಳೆಲ್ಲ ನಮ್ಮ ವಯಸ್ಸಿನವರದ್ದೇ.

ಹೋಗುವುದಾದರೆ ದಾರಿ: ಬೆಂಗಳೂರು–ಮೈಸೂರು ರೈಲು ಶ್ರೀರಂಗಪಟ್ಟಣ, ಪಾಂಡವಪುರ ಎರಡರ ಮೂಲಕವೂ ಹೋಗುತ್ತೆ. ರಂಗನತಿಟ್ಟಿನಲ್ಲಿ ಹಕ್ಕಿ ನೋಡೋಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮೇಲುಕೋಟೆಗೆ ವೈರಮುಡಿ ಉತ್ಸವಕ್ಕೆ ಹೋದರೆ ಜನಜಂಗುಳಿ, ಮಾರ್ಚ್–ಏಪ್ರಿಲ್ ಬಿಸಿಲು ಬೇರೆ. ಬೇರೆ ದಿನ ಬೆಳಿಗ್ಗೆ ಹೋಗಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿನ್ನಿ. ಸ್ವಂತ ಗಾಡಿ ಇದ್ದರೆ ವಾಪಸ್ ಬರುವಾಗ ನಾಗಮಂಗಲದ ಮೇಲೆ ಬನ್ನಿ, ಕಂಬದಹಳ್ಳಿಗೆ ತಿರುಗಿ. ಬಸದಿಯ ಮುಂದಿನ ಎತ್ತರದ ಕಂಬದಿಂದಲೇ ಊರಿಗೆ ಆ ಹೆಸರು.